ರಾತ್ರಿಯೆಲ್ಲ ಸೈಕಲ್, ಒಬ್ಬರೂ ಹಿಂದೆ ಉಳಿಯಬಾರದು: ಕೆಂಗೇರಿಯಿಂದ ಮೈಸೂರಿಗೆ ಗುಂಪನ್ನು ಒಟ್ಟಿಗೆ ಕರೆದೊಯ್ಯುವುದು ಹೇಗೆ

ಚನ್ನಪಟ್ಟಣ ದಾಟಿ ಸ್ವಲ್ಪ ದೂರದಲ್ಲಿ ನಮ್ಮ ಗುಂಪಿನ ಹುಡುಗನೊಬ್ಬನ ಸೈಕಲ್ಲಿನ ಚೈನ್ ಕಳಚಿತು. ರಾತ್ರಿ ಒಂದು ಗಂಟೆ ಮೀರಿತ್ತು. ಸಾಲಿನಲ್ಲಿ ಅವನೇ ಕೊನೆಯವನು, ಹಾಗಾಗಿ ಅವನು ನಿಂತಿದ್ದು ಯಾರಿಗೂ ಕಾಣಲಿಲ್ಲ. ನಾವು ಮಾತಾಡಿಕೊಂಡು ಮದ್ದೂರಿನವರೆಗೆ ಹೋದೆವು. ಟೀ ಕುಡಿದು ದುಡ್ಡು ಕೊಡುವಾಗ ಲೋಟ ಎಣಿಸಿದರೆ ಹದಿಮೂರು. ಹದಿನಾಲ್ಕು ಇರಬೇಕಿತ್ತು. ಫೋನ್ ಮಾಡಿದರೆ ಸ್ವಿಚ್ ಆಫ್. ನಾನೂ ಇನ್ನೊಬ್ಬರೂ ವಾಪಸ್ ತುಳಿದೆವು. ಮುಚ್ಚಿದ ಅಂಗಡಿಯೊಂದರ ಜಗಲಿ ಮೇಲೆ ಕೂತಿದ್ದ, ಕೈಯೆಲ್ಲ ಗ್ರೀಸ್, ಚಳಿಗೆ ನಡುಗುತ್ತಿದ್ದ. "ಅಣ್ಣಾ, ನೀವು ಮುಂದೆ ಎಲ್ಲೋ ಕಾಯ್ತಿರ್ತೀರಿ ಅಂದ್ಕೊಂಡು ಜೋರಾಗಿ ತುಳಿದೆ. ಆಮೇಲೆ ರಸ್ತೆ ಎರಡಾಯ್ತು, ಯಾವ ಕಡೆ ಹೋದ್ರಿ ಅಂತ ಗೊತ್ತಾಗ್ಲಿಲ್ಲ" ಅಂದ.

ಆ ರೈಡ್ ಕರೆದವನು ನಾನು. ಎಣಿಸದೇ ಇದ್ದವನೂ ನಾನೇ. ಅವತ್ತಿನಿಂದ ರಾತ್ರಿ ರೈಡ್ ಅಂದರೆ ನನಗೆ ಮೊದಲು ನೆನಪಾಗುವುದು ವೇಗವೂ ಅಲ್ಲ, ದೂರವೂ ಅಲ್ಲ, ಕೊನೆಯಲ್ಲಿ ಬರುವವರು. ಈಗ ನಾವು ಹೇಗೆ ಮಾಡುತ್ತೇವೆ ಅನ್ನುವುದನ್ನು ಪೂರ್ತಿ ಬರೆಯುತ್ತಿದ್ದೇನೆ. ಉದಾಹರಣೆಗೆ ಕೆಂಗೇರಿ–ಮೈಸೂರು ದಾರಿಯನ್ನೇ ಇಟ್ಟುಕೊಂಡಿದ್ದೇನೆ, ಬೇರೆ ದಾರಿಗೂ ಇದೇ ಕ್ರಮ ನಡೆಯುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಂಕ್ಚರ್ ಆದಾಗ ಗುಂಪು ಒಡೆಯುವುದು ಕಡಿಮೆ, ಯಾಕೆಂದರೆ ಆಗ ಎಲ್ಲರ ಗಮನ ಅಲ್ಲೇ ಇರುತ್ತದೆ. ಒಡೆಯುವುದು ಮೂರು ಕಡೆ: ತಿರುವಿನಲ್ಲಿ, ಸಿಗ್ನಲ್ ದಾಟಿದ ಮೇಲೆ, ಟೀ ಕುಡಿದು ಮತ್ತೆ ಹೊರಡುವಾಗ. ಈ ಮೂರು ಜಾಗ ಹಿಡಿತದಲ್ಲಿದ್ದರೆ ಉಳಿದಿದ್ದನ್ನು ಸಂಭಾಳಿಸಬಹುದು.

ದಾರಿ ಮತ್ತು ಹೊತ್ತು

ಹೊಸ ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಬೈಕ್, ಆಟೋ, ಟ್ರ್ಯಾಕ್ಟರ್ ಜೊತೆಗೆ ಸೈಕಲ್ಲಿಗೂ ಪ್ರವೇಶ ಇಲ್ಲ. ನಮಗೆ ಇರುವುದು ಸರ್ವಿಸ್ ರಸ್ತೆ ಮತ್ತು ಊರೊಳಗೆ ಹೋಗುವ ಹಳೇ ರಸ್ತೆ. ಬೈಪಾಸ್ ಬಂದ ಕಡೆಯೆಲ್ಲ ರಸ್ತೆ ಕವಲೊಡೆಯುತ್ತದೆ: ಒಂದು ಮೇಲಕ್ಕೆ ಎಕ್ಸ್‌ಪ್ರೆಸ್‌ವೇಗೆ, ಇನ್ನೊಂದು ಕೆಳಗೆ ಊರಿಗೆ. ಹಗಲಲ್ಲಿ ಬೋರ್ಡ್ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ, ಎದುರಿನ ಲಾರಿ ಲೈಟ್ ಕಣ್ಣಿಗೆ ಹೊಡೆಯುವಾಗ, ದಾರಿ ಗೊತ್ತಿದ್ದವರೂ ತಪ್ಪುತ್ತಾರೆ. ತಪ್ಪಿ ಮೇಲೆ ಹತ್ತಿದರೆ ನೂರರ ವೇಗದಲ್ಲಿ ಬರುವ ಕಾರುಗಳ ನಡುವೆ ಒಬ್ಬಂಟಿ ಸೈಕಲ್. ಅದಕ್ಕೇ ರೈಡ್ ಕರೆಯುವವರು ಒಂದು ಭಾನುವಾರ ಹಗಲಲ್ಲಿ ಇಡೀ ದಾರಿ ನೋಡಿ ಬರಬೇಕು. ಕವಲು ಎಲ್ಲೆಲ್ಲಿ, ರಾತ್ರಿ ತೆರೆದಿರುವ ಬಂಕ್ ಯಾವುದು, ಶೌಚಾಲಯ ಎಲ್ಲಿದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಸುಮ್ನೆ ಮ್ಯಾಪ್ ನೋಡಿಕೊಂಡು ಕರೆದುಕೊಂಡು ಹೋಗಬೇಡಿ.

ಕೆಂಗೇರಿಯಿಂದ ಮೈಸೂರು ಸುಮಾರು 130 ಕಿ.ಮೀ. ಮಿಶ್ರ ಗುಂಪು ತುಳಿಯುವಾಗ ಗಂಟೆಗೆ 18 ಕಿ.ಮೀ ಹೋಗುತ್ತದೆ ಅಂದುಕೊಳ್ಳಿ, ಅಂದರೆ ಬರೀ ತುಳಿಯುವುದಕ್ಕೆ ಏಳೂಕಾಲು ಗಂಟೆ. ಟೀ, ಪಂಕ್ಚರ್, ಮೂತ್ರ, ನಿದ್ದೆ ಎಲ್ಲ ಸೇರಿ ಇನ್ನೂ ಎರಡೂವರೆ ಗಂಟೆ ಹಿಡಿಯಿರಿ. ರಾತ್ರಿ ಹತ್ತಕ್ಕೆ ಕೆಂಗೇರಿ ಬಿಟ್ಟರೆ ಹನ್ನೆರಡೂಕಾಲಿಗೆ ರಾಮನಗರ, ಎರಡೂ ಮುಕ್ಕಾಲಿಗೆ ಮದ್ದೂರು, ನಾಲ್ಕೂವರೆಗೆ ಮಂಡ್ಯ, ಬೆಳಕು ಹರಿಯುವಾಗ ಶ್ರೀರಂಗಪಟ್ಟಣ, ಎಂಟರೊಳಗೆ ಮೈಸೂರು. ಇದನ್ನು ಎಲ್ಲರಿಗೂ ಮೊದಲೇ ಹೇಳಿ. "ಬೆಳಿಗ್ಗೆ ಐದಕ್ಕೇ ಮುಟ್ಟಿಬಿಡೋಣ" ಅಂತ ಒಬ್ಬರು ತಲೆಯಲ್ಲಿ ಇಟ್ಟುಕೊಂಡು ಬಂದರೂ ಸಾಕು, ರಾತ್ರಿಯೆಲ್ಲ ಅವರು ಗುಂಪನ್ನು ಮುಂದಕ್ಕೆ ಎಳೆಯುತ್ತಲೇ ಇರುತ್ತಾರೆ.

ಯಾರು, ಎಷ್ಟು ಜನ

ಒಂದು ಗುಂಪಿಗೆ ಹನ್ನೆರಡು ಜನ. ಹದಿನಾಲ್ಕರವರೆಗೂ ನಡೆಸಬಹುದು, ಅದಕ್ಕಿಂತ ಜಾಸ್ತಿ ಆದರೆ ಎರಡು ಗುಂಪು ಮಾಡಿ. ಇದಕ್ಕೆ ಲೆಕ್ಕ ಇದೆ. ಒಂದು ಸೈಕಲ್ ಎರಡು ಮೀಟರ್‌ಗೆ ಸ್ವಲ್ಪ ಕಡಿಮೆ, ಕತ್ತಲಲ್ಲಿ ಮುಂದಿನವರಿಗೂ ನಿಮಗೂ ಮೂರು ಮೀಟರ್ ಅಂತರ ಬೇಕು. ಅಂದರೆ ತಲೆಗೆ ಐದು ಮೀಟರ್. ಹನ್ನೆರಡು ಜನರ ಸಾಲು 60 ಮೀಟರ್. ಅಷ್ಟು ದೂರಕ್ಕೆ ಕೂಗಿದರೆ, ಇಲ್ಲಾ ಸೀಟಿ ಊದಿದರೆ ಕೇಳುತ್ತದೆ. ಇಪ್ಪತ್ತು ಜನ ಆದರೆ 100 ಮೀಟರ್, ಹಿಂದೆ ಯಾರೋ ನಿಂತರು ಅನ್ನುವ ಸುದ್ದಿ ಮುಂದೆ ಮುಟ್ಟುವುದರೊಳಗೆ ಮುಂದಿನವರು ಇನ್ನೊಂದು ಊರಿನಲ್ಲಿ ಇರುತ್ತಾರೆ.

ಬರುವವರು ಹಗಲಲ್ಲಿ ಒಂದೇ ಸಲಕ್ಕೆ 70 ಕಿ.ಮೀ ಆದರೂ ತುಳಿದಿರಬೇಕು. ಮೊದಲ ಸಲ ಬರುವವರಿಗೆ ಒಂದು ವಾರ ಮುಂಚೆ 30–40 ಕಿ.ಮೀ ರಾತ್ರಿ ರೈಡ್ ಮಾಡಿಸಿ. ಅವರ ಲೈಟ್ ಸಾಕಾಗುತ್ತದಾ, ಕತ್ತಲಲ್ಲಿ ಹೆದರುತ್ತಾರಾ, ಇನ್ನೊಬ್ಬರ ಹಿಂದೆ ಒಂದೇ ಹದದಲ್ಲಿ ಬರುತ್ತಾರಾ ಅನ್ನುವುದೆಲ್ಲ ಅಲ್ಲೇ ಗೊತ್ತಾಗುತ್ತದೆ. ಸಾಲದು ಅನಿಸಿದರೆ ನೇರವಾಗಿ "ಈ ಸಲ ಬೇಡ, ಮುಂದಿನ ತಿಂಗಳು ಬನ್ನಿ" ಅನ್ನಿ. ಬೇಜಾರಾಗುತ್ತಾರೆ. ಆದರೆ ಮದ್ದೂರಿನಲ್ಲಿ ಕೂತು "ನನ್ನ ಕೈಲಿ ಆಗಲ್ಲ" ಅನ್ನುವುದಕ್ಕಿಂತ ಇದು ಎಷ್ಟೋ ವಾಸಿ.

ಪ್ರತಿಯೊಬ್ಬರ ಹೆಸರು, ಮನೆಯವರ ಫೋನ್ ನಂಬರ್, ರಕ್ತದ ಗುಂಪು, ಸಕ್ಕರೆ ಕಾಯಿಲೆ, ಆಸ್ತಮಾ ಏನಾದರೂ ಇದ್ದರೆ ಅದು, ಎಲ್ಲ ಒಂದು ಹಾಳೆಯಲ್ಲಿ ಬರೆದು ಎರಡು ಪ್ರತಿ ಮಾಡಿ. ಒಂದು ಮುಂದೆ ದಾರಿ ತೋರಿಸುವ ಮುಂದಾಳಿನ ಹತ್ತಿರ, ಒಂದು ಎಲ್ಲರಿಗಿಂತ ಕೊನೆಯಲ್ಲಿ ಬರುವ ಹಿಂಗಾವಲಿನ ಹತ್ತಿರ. ಹಾಳೆಯಲ್ಲೇ ಇರಲಿ, ಫೋನ್ ಬ್ಯಾಟರಿ ನಂಬಬೇಡಿ.

ಮುಂದಾಳು, ಹಿಂಗಾವಲು

ಗುಂಪಿನಲ್ಲಿ ಸವಾರಿ ಮಾಡುವುದಕ್ಕೆ ಹಳೇ ಪದ್ಧತಿಯೇ ಇದೆ. ಫ್ರಾನ್ಸಿನಲ್ಲಿ 1904ರಿಂದ ನಡೆದು ಬಂದ ಔಡಾಕ್ಸ್ ಸವಾರಿಗಳಲ್ಲಿ ಮುಂದೆ ಕ್ಯಾಪ್ಟನ್‌ಗಳು ಇರುತ್ತಾರೆ, ಇಡೀ ಗುಂಪು ಈಗ ಗಂಟೆಗೆ 22.5 ಕಿ.ಮೀ ವೇಗದಲ್ಲಿ ಅವರ ಹಿಂದೆಯೇ ಬರಬೇಕು, ಯಾರೂ ಅವರನ್ನು ದಾಟಬಾರದು. ನಮ್ಮವರಿಗೆ ಹೆಚ್ಚು ಪರಿಚಯ ಇರುವ ಬ್ರೆವೆಗಳಲ್ಲಿ, ಅಂದರೆ ಗೊತ್ತುಮಾಡಿದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳಲ್ಲಿ, ಹಾಗಲ್ಲ. 200 ಕಿ.ಮೀಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ ಅಂತ ಹೊತ್ತು ಕೊಟ್ಟು ಬಿಡುತ್ತಾರೆ, ಅವರವರ ಪಾಡು ಅವರವರಿಗೆ. ಬ್ರೆವೆ ಮಾಡಿ ಅಭ್ಯಾಸ ಆದ ಗಟ್ಟಿ ಸವಾರರು ಗುಂಪಿನ ರೈಡಿಗೆ ಬಂದಾಗ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ: ಇವತ್ತು ನಮ್ಮದು ಮೊದಲನೇ ಬಗೆ.

ಮುಂದಾಳಿಗೆ ದಾರಿ ಗೊತ್ತಿರಬೇಕು, ಕಾಲು ಹಿಡಿತದಲ್ಲಿರಬೇಕು. ಗುಂಪಿನ ಅತಿ ವೇಗದ ಸವಾರರನ್ನು ಮುಂದೆ ಬಿಡಬೇಡಿ. ಅವರಿಗೆ 18ರಲ್ಲಿ ತುಳಿಯುವುದೇ ಹಿಂಸೆ, ಗೊತ್ತಿಲ್ಲದೇ 24ಕ್ಕೆ ಏರಿಸಿಬಿಡುತ್ತಾರೆ.

ಅವರನ್ನು ಹಿಂಗಾವಲಿಗೆ ಹಾಕಿ. ಸೈಕಲ್ಲಿನವರು ಸ್ವೀಪ್ ಅನ್ನುತ್ತಾರಲ್ಲ, ಅದೇ. ನನ್ನ ಪ್ರಕಾರ ಇಡೀ ರೈಡಿನಲ್ಲಿ ದೊಡ್ಡ ಕೆಲಸ ಇದು. ಬೇಕಾದಾಗ ಓಡಿ ಮುಂದಿನವರನ್ನು ಹಿಡಿಯುವ ಶಕ್ತಿ ಇರಬೇಕು, ಹತ್ತು ಕಿಲೋಮೀಟರ್ ವೇಗದಲ್ಲಿ ಬರುವವರ ಜೊತೆ ಗೊಣಗದೇ ಬರುವ ತಾಳ್ಮೆಯೂ ಇರಬೇಕು. ಹಿಂಗಾವಲಿನವರು ಯಾವ ಕಾರಣಕ್ಕೂ ಯಾರನ್ನೂ ದಾಟಿ ಹೋಗುವುದಿಲ್ಲ. ಯಾರಾದರೂ ಪೊದೆ ಹಿಂದೆ ಹೋದರೆ ಅವರ ಸೈಕಲ್ ಹತ್ತಿರ ನಿಲ್ಲುತ್ತಾರೆ. ಹಿಂಗಾವಲಿಗೆ ಇಬ್ಬರಿರಲಿ, ಒಬ್ಬರು ರಿಪೇರಿ ಬಲ್ಲವರಾದರೆ ಇನ್ನೂ ಒಳ್ಳೆಯದು.

ಹಿಂಗಾವಲಿನವರನ್ನು ಕತ್ತಲಲ್ಲಿ ಮುಂದಿನಿಂದ ನೋಡಿದ ಕೂಡಲೇ ಗುರುತು ಸಿಗಬೇಕು. ನಾವು ಅವರ ಹೆಲ್ಮೆಟ್ ಮೇಲೆ ಇನ್ನೊಂದು ಸಣ್ಣ ಲೈಟ್ ಕಟ್ಟುತ್ತೇವೆ. ದೂರದಲ್ಲಿ ಹ್ಯಾಂಡಲ್ ಮೇಲೊಂದು, ಅದರ ಮೇಲೆ ಇನ್ನೊಂದು ಬೆಳಕು ಬಂದರೆ, ಕೊನೆಯವರು ಬಂದರು ಅಂತ ಅರ್ಥ.

ತಿರುವಿನ ಕಾವಲು

ಇದೊಂದನ್ನು ಕಲಿತರೆ ಅರ್ಧ ಗೆದ್ದ ಹಾಗೆ. ಲಂಡನ್ನಿನಿಂದ ರಾತ್ರಿಯೆಲ್ಲ ತುಳಿದು ಸಮುದ್ರ ತೀರಕ್ಕೆ ಹೋಗುವ ಗುಂಪುಗಳು ಹೀಗೇ ಮಾಡುತ್ತವೆ, ನಮ್ಮಲ್ಲಿ ಬುಲೆಟ್ ಸವಾರರ ಗುಂಪುಗಳಲ್ಲೂ ಇದೆ.

ಕವಲು ಬಂದಾಗ ಮುಂದಾಳು ತನ್ನ ಹಿಂದೆಯೇ ಇರುವ ಇಬ್ಬರಿಗೆ "ಕಾವಲು" ಅನ್ನುತ್ತಾರೆ. ಆ ಇಬ್ಬರು ಅಲ್ಲೇ ರಸ್ತೆ ಪಕ್ಕ, ಬರುವವರಿಗೆ ಕಾಣುವ ಜಾಗದಲ್ಲಿ ನಿಲ್ಲುತ್ತಾರೆ. ಗುಂಪು ನಿಲ್ಲುವುದಿಲ್ಲ, ಮುಂದೆ ಹೋಗುತ್ತದೆ. ಕಾವಲಿನವರು ಬಂದವರಿಗೆಲ್ಲ ಕೈ ಚಾಚಿ, ಬಾಯಲ್ಲೂ ಹೇಳುತ್ತಾರೆ: "ಎಡಕ್ಕೆ, ಕೆಳಗೆ, ಊರ ಒಳಗೆ." ಎರಡು ಬೆಳಕಿನ ಹಿಂಗಾವಲು ಬರುವವರೆಗೂ ಅವರು ಅಲ್ಲಿಂದ ಕದಲುವುದಿಲ್ಲ. ಬಂದ ಮೇಲೆ ಹಿಂಗಾವಲಿಗೆ "ಇಬ್ಬರೂ ಹೊರಟೆವು" ಅಂತ ಹೇಳಿ ಅವರ ಮುಂದೆ ಸೇರಿಕೊಳ್ಳುತ್ತಾರೆ. ಮುಂದಿನ ಕವಲಿಗೆ ಆಗ ಮುಂದಾಳಿನ ಹಿಂದಿರುವ ಬೇರೆ ಇಬ್ಬರು.

ಯಾಕೆ ಇಷ್ಟು ಚೆನ್ನಾಗಿ ನಡೆಯುತ್ತದೆ ಅಂದರೆ, ಮುಂದೆ ಇರುವ ಗಟ್ಟಿ ಕಾಲಿನವರು ತಾವಾಗಿಯೇ ಹಿಂದಕ್ಕೆ ಬರುತ್ತಾರೆ. ನಿಧಾನದವರು ಒಂದು ಸಲವೂ ನಿಲ್ಲದೇ ತಮ್ಮ ಹದದಲ್ಲೇ ಹೋಗುತ್ತಿರುತ್ತಾರೆ. ಯಾರಿಗೂ ದಾರಿ ಗೊತ್ತಿರಬೇಕಾಗಿಲ್ಲ, ಫೋನ್ ನೋಡಬೇಕಾಗಿಲ್ಲ. ಎಲ್ಲರಿಗೂ ಒಂದೇ ನಿಯಮ: ಕಾವಲು ಇಲ್ಲದ ಕವಲಿನಲ್ಲಿ ನೇರ ಹೋಗಿ. ನೇರ ಯಾವುದು ಅಂತ ಅನುಮಾನ ಬಂದರೆ ಅಲ್ಲೇ ನಿಲ್ಲಿ, ಹಿಂಗಾವಲು ಬಂದೇ ಬರುತ್ತದೆ.

ಇಬ್ಬರು ಅಂದಿದ್ದು ಬೇಕೆಂತಲೇ. ಹಗಲಲ್ಲಿ ಒಬ್ಬರು ಸಾಕು. ರಾತ್ರಿ ಸರ್ವಿಸ್ ರಸ್ತೆಯ ಕತ್ತಲಲ್ಲಿ ಯಾರನ್ನೂ ಒಂಟಿಯಾಗಿ ನಿಲ್ಲಿಸಬೇಡಿ, ಹೆಣ್ಣುಮಕ್ಕಳಾಗಲಿ ಗಂಡಸರಾಗಲಿ. ಹತ್ತಿರದಲ್ಲಿ ಬೀದಿ ದೀಪ ಇದ್ದರೆ ಅದರ ಕೆಳಗೇ ನಿಲ್ಲಿಸಿ.

ಲೈಟು

ಮುಂದೆ ಬಿಳಿ, ಹಿಂದೆ ಕೆಂಪು, ಮೈಮೇಲೆ ಮಿಂಚುವ ಜಾಕೆಟ್. ಬ್ರೆವೆಗಳಲ್ಲಿ ರಾತ್ರಿ ಇದು ಕಡ್ಡಾಯ, ನಮ್ಮಲ್ಲೂ ಇದಿಲ್ಲದವರನ್ನು ಕೆಂಗೇರಿಯಲ್ಲೇ ಬಿಡುತ್ತೇವೆ. ಮುಂದಿನ ಲೈಟ್ 300–400 ಲ್ಯೂಮೆನ್ ಇದ್ದರೆ ಸಾಕು, ಆದರೆ ಮೂತಿ ಕೆಳಗಿರಬೇಕು. ಬೆಳಕಿನ ನಡುಭಾಗ ನಿಮ್ಮ ಚಕ್ರದಿಂದ ಐದಾರು ಮೀಟರ್ ಮುಂದೆ ನೆಲದ ಮೇಲೆ ಬೀಳಲಿ. ಮೇಲಕ್ಕೆ ಎತ್ತಿಟ್ಟರೆ ಮುಂದಿನವರ ನೆರಳು ಅವರ ಎದುರಿಗೇ ಬಿದ್ದು ಗುಂಡಿಯನ್ನು ಮುಚ್ಚಿಬಿಡುತ್ತದೆ.

ಹಿಂದಿನ ಕೆಂಪು ಲೈಟ್ ಮಿನುಗಿಸಬೇಡಿ. ಒಂಟಿಯಾಗಿ ಹೋಗುವಾಗ ಸರಿ. ಗುಂಪಿನಲ್ಲಿ ನಿಮ್ಮ ಹಿಂದೆ ಇರುವವರು ಗಂಟೆಗಟ್ಟಲೆ ಅದನ್ನೇ ನೋಡಬೇಕು, ಮಿನುಗುವ ಬೆಳಕಿಗೆ ಅಂತರ ಎಷ್ಟು ಅಂತಲೂ ಅಂದಾಜು ಸಿಗುವುದಿಲ್ಲ. ಎಲ್ಲರದ್ದೂ ಸಣ್ಣಗೆ ಸ್ಥಿರವಾಗಿ ಉರಿಯಲಿ, ಕೊನೆಯ ಹಿಂಗಾವಲಿನದ್ದು ಮಾತ್ರ ಮಿನುಗಲಿ. ಲೈಟ್ ಎಂಟು ಗಂಟೆ ಬರುತ್ತದಾ ಅಂತ ಮನೆಯಲ್ಲೇ ಒಂದು ರಾತ್ರಿ ಉರಿಸಿ ನೋಡಿ. ಡಬ್ಬಿ ಮೇಲೆ ಬರೆದಿರುವುದನ್ನು ನಂಬಿ ಮಂಡ್ಯದ ಹತ್ತಿರ ಕತ್ತಲಾದವರನ್ನು ತುಂಬ ಕಂಡಿದ್ದೇನೆ.

ಹೊರಡುವ ಮುಂಚೆ ಹತ್ತು ನಿಮಿಷ

ಎಲ್ಲರನ್ನೂ ವೃತ್ತವಾಗಿ ನಿಲ್ಲಿಸಿ ನಂಬರ್ ಕೊಡಿ. ಮುಂದಾಳು ಒಂದು, ಹಿಂಗಾವಲು ಕೊನೆಯ ನಂಬರ್. ಒಂದು ಸಲ ಎಲ್ಲರೂ ಜೋರಾಗಿ ಕೂಗಿ ನೋಡಲಿ: ಒಂದು, ಎರಡು, ಮೂರು... ಈ ನಂಬರ್ ಬೆಳಗಾಗುವವರೆಗೆ ಬದಲಾಗುವುದಿಲ್ಲ. "ಎಷ್ಟು ಜನ ಇದ್ದೀವಿ?" ಅಂತ ತಲೆ ಎಣಿಸಿದರೆ ಹದಿಮೂರೋ ಹದಿನಾಲ್ಕೋ ಅಂತ ಗೊಂದಲ ಆಗುತ್ತದೆ, ಯಾರೋ ಓಡಾಡುತ್ತಿರುತ್ತಾರೆ, ಟೀ ಅಂಗಡಿಯಲ್ಲಿ ನಿಂತ ಬೇರೆಯವರೂ ಸೇರಿಬಿಡುತ್ತಾರೆ. ನಂಬರ್ ಕೂಗಿದರೆ ಎಷ್ಟು ಜನ ಅನ್ನುವುದರ ಜೊತೆಗೆ ಯಾರಿಲ್ಲ ಅನ್ನುವುದೂ ತಕ್ಷಣ ಗೊತ್ತಾಗುತ್ತದೆ. ಏಳು ಆದ ಮೇಲೆ ಮೌನ ಬಂದರೆ ಎಂಟು ಎಲ್ಲಿ ಅಂತ ಎಲ್ಲರೂ ತಿರುಗಿ ನೋಡುತ್ತಾರೆ.

ಜೋಡಿ ಮಾಡಿ. ಇಬ್ಬಿಬ್ಬರಿಗೆ ಒಬ್ಬರ ಮೇಲೊಬ್ಬರ ಕಣ್ಣಿರಬೇಕು. ಗಂಡ–ಹೆಂಡತಿ, ಜೀವದ ಗೆಳೆಯರು ಅಂತ ನೋಡಬೇಡಿ, ಒಂದೇ ವೇಗದವರನ್ನು ಜೋಡಿ ಮಾಡಿ.

ಕತ್ತಲಲ್ಲಿ ಕೈ ಸನ್ನೆ ಕಾಣುವುದಿಲ್ಲ, ಮಾತೇ ಆಗಬೇಕು. ನಾಲ್ಕೈದು ಪದ ಸಾಕು: ಗುಂಡಿ, ಹಂಪ್, ಎದುರು ಗಾಡಿ, ಹಿಂದೆ ಗಾಡಿ, ನಿಲ್ತೀನಿ. ಮುಂದಿನವರು ಹೇಳಿದ್ದನ್ನು ಪ್ರತಿಯೊಬ್ಬರೂ ಹಿಂದಕ್ಕೆ ದಾಟಿಸಬೇಕು. ಎಲ್ಲರ ಕೊರಳಲ್ಲೂ ಒಂದು ಸೀಟಿ ಇರಲಿ, ಮೂರು ಸಲ ಊದಿದರೆ ಎಲ್ಲರೂ ನಿಲ್ಲಬೇಕು. ಪಿ.ಟಿ. ಮೇಷ್ಟ್ರ ಸೀಟಿ ಥರದ್ದು, ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ.

ಪ್ರತಿಯೊಬ್ಬರ ಹತ್ತಿರ ತಮ್ಮ ಚಕ್ರದ ಅಳತೆಯ ಎರಡು ಟ್ಯೂಬ್ ಇದೆಯಾ ಅಂತ ಕಣ್ಣಾರೆ ನೋಡಿ. ಬೇರೆಯವರ ಟ್ಯೂಬ್ ಸಾಲ ತಂದರೆ ಅಳತೆಯೂ ಹೊಂದುವುದಿಲ್ಲ, ವಾಲ್ವೂ ಹೊಂದುವುದಿಲ್ಲ.

ರಸ್ತೆ ಮೇಲೆ

ಹೊರಟ ಮೊದಲ ಐದು ನಿಮಿಷ ಮುಂದಾಳು ಗಂಟೆಗೆ 12 ಕಿ.ಮೀ ದಾಟಬಾರದು. ಹಿಂದೆ ಯಾರೋ ಇನ್ನೂ ಗ್ಲೌಸ್ ಹಾಕಿಕೊಳ್ಳುತ್ತಿರುತ್ತಾರೆ, ಯಾರದ್ದೋ ಬಾಟಲಿ ಬಿದ್ದಿರುತ್ತದೆ. ಹಿಂಗಾವಲಿನಿಂದ "ಎಲ್ಲಾ ಬಂದ್ರು" ಅನ್ನುವ ಮಾತು ಬಾಯಿಂದ ಬಾಯಿಗೆ ದಾಟಿ ಮುಂದೆ ಬಂದ ಮೇಲೆ ವೇಗ ಏರಿಸಿ. ಪ್ರತಿ ನಿಲುಗಡೆ ಆದ ಮೇಲೂ ಇದೇ, ಪ್ರತಿ ಸಿಗ್ನಲ್ ದಾಟಿದ ಮೇಲೂ ಇದೇ. ಹಸಿರು ಇದ್ದಾಗ ಅರ್ಧ ಜನ ದಾಟಿ ಕೆಂಪು ಬಿತ್ತು ಅನ್ನಿ, ಹಿಂದಿನವರು ನಿಲ್ಲುತ್ತಾರೆ, ನಿಲ್ಲಲೇಬೇಕು. ಮುಂದಿನವರು ನಿಧಾನಿಸುತ್ತಾರೆ ಅಂತ ಗಟ್ಟಿಯಾಗಿ ಗೊತ್ತಿದ್ದರೆ ಮಾತ್ರ ಅವರು ಸಿಗ್ನಲ್ ಹಾರಿಸುವುದಿಲ್ಲ.

ಏರು ಬಂದಾಗ ಸಾಲು ಉದ್ದ ಆಗಲಿ, ಪರವಾಗಿಲ್ಲ. ತುದಿಯಲ್ಲಿ ನಿಧಾನ ಮಾಡಿ ಸೇರಿಸಿಕೊಳ್ಳಿ. ಇಳಿಜಾರಿನಲ್ಲಿ ಯಾರೂ ಮುಂದಾಳನ್ನು ದಾಟಬಾರದು.

ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಲೈಟಿಲ್ಲದೇ ಬರುವ ಬೈಕ್ ಸಾಮಾನ್ಯ. ಅದಕ್ಕೆ ಒಂದೇ ಸಾಲು, ಎಡಕ್ಕೆ. ಮಂಡ್ಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಟ್ರೈಲರ್ ತುಂಬಿ ಆಚೀಚೆ ಚಾಚಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳು, ಹಿಂದೆ ಒಂದು ರಿಫ್ಲೆಕ್ಟರ್ ಕೂಡ ಇಲ್ಲದೇ ನಿಂತಿರುತ್ತವೆ. ಒಳರಸ್ತೆ ಹಿಡಿದರೆ ಸುಗ್ಗಿ ಸಮಯದಲ್ಲಿ ರಾಗಿ, ಹುರುಳಿ ಒಕ್ಕಣೆಗೆ ರಸ್ತೆ ಮೇಲೆ ಹರಡಿರುತ್ತಾರೆ. ಹುರುಳಿ ಬಳ್ಳಿ ಒಂದು ಸಲ ಹಿಂದಿನ ಗೇರ್‌ಗೆ ಸುತ್ತಿಕೊಂಡರೆ ಬಿಡಿಸಲು ಹತ್ತು ನಿಮಿಷ ಬೇಕು. ಇಳಿದು ತಳ್ಳಿಕೊಂಡು ದಾಟಿ.

ನಾಯಿಗಳ ವಿಷಯ. ಮುಂದಿನ ನಾಲ್ಕು ಜನ ಹೋಗುವಾಗ ನಾಯಿ ಎಚ್ಚರ ಆಗುತ್ತದೆ, ಮಧ್ಯದವರು ಹೋಗುವಾಗ ಎದ್ದು ನಿಲ್ಲುತ್ತದೆ, ಅಟ್ಟಿಸಿಕೊಂಡು ಬರುವುದು ಕೊನೆಯವರನ್ನು. ಆ ಕೊನೆಯವರೇ ಸುಸ್ತಾದವರು. ಅದಕ್ಕೇ ಊರು ಬರುವ ಮುಂಚೆ ಮುಂದಾಳು ನಿಧಾನ ಮಾಡಿ ಎಲ್ಲರನ್ನೂ ಹತ್ತಿರ ಮಾಡಿಕೊಂಡು, ಇಡೀ ಗುಂಪು ಒಂದೇ ಮುದ್ದೆಯಾಗಿ ಊರು ದಾಟಬೇಕು. ಅಟ್ಟಿಸಿದರೆ ಓಡಬೇಡಿ. ನಿಂತು, ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ.

ನಿಲ್ಲುವುದು ಮತ್ತು ಮತ್ತೆ ಹೊರಡುವುದು

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ನೋಡಿದ ಎಲ್ಲ ಗುಂಪುಗಳೂ ಮಾಡುವ ತಪ್ಪು ಇದು. ಮುಂದಿನವರು ರಾಮನಗರ ಮುಟ್ಟಿ ಟೀ ಹೇಳುತ್ತಾರೆ. ಕುಡಿದು, ಬಾಟಲಿ ತುಂಬಿಸಿ, ಫೋಟೋ ತೆಗೆದು, ಹದಿನೈದು ನಿಮಿಷ ಕಾಲು ಚಾಚುತ್ತಾರೆ. ಅಷ್ಟರಲ್ಲಿ ಕೊನೆಯವರು ಬರುತ್ತಾರೆ. "ಬಂದ್ರಾ, ಸರಿ ನಡೀರಿ" ಅಂತ ಎಲ್ಲರೂ ಎದ್ದು ನಿಲ್ಲುತ್ತಾರೆ. ಕೊನೆಯವರು ನಾಚಿಕೆಗೆ ಏನೂ ಹೇಳದೇ, ನೀರೂ ಕುಡಿಯದೇ ಹೊರಡುತ್ತಾರೆ. ಯಾರಿಗೆ ವಿಶ್ರಾಂತಿ ಬೇಡವೋ ಅವರಿಗೆ ಹದಿನೈದು ನಿಮಿಷ ಸಿಕ್ಕಿತು, ಯಾರಿಗೆ ಬೇಕೋ ಅವರಿಗೆ ಒಂದು ನಿಮಿಷವೂ ಇಲ್ಲ. ಮುಂದಿನ ಸಲ ಅವರು ಇನ್ನೂ ಹಿಂದೆ ಬೀಳುತ್ತಾರೆ, ಇನ್ನೂ ಕಡಿಮೆ ಕೂರುತ್ತಾರೆ. ಮಂಡ್ಯ ಬರುವಷ್ಟರಲ್ಲಿ ಆಳು ಮುಗಿದಿರುತ್ತಾರೆ, ಆಮೇಲೆ "ಅವರಿಗೆ ಸ್ಟ್ಯಾಮಿನಾ ಇಲ್ಲ" ಅನ್ನುತ್ತೇವೆ.

ಹಾಗಾಗಿ ನಮ್ಮ ನಿಯಮ: ವಿಶ್ರಾಂತಿಯ ಗಡಿಯಾರ ಶುರುವಾಗುವುದು ಹಿಂಗಾವಲು ಬಂದು ಸೈಕಲ್ ಒರಗಿಸಿದ ಮೇಲೆ. ಹದಿನೈದು ನಿಮಿಷ ಅಂದರೆ ಅಲ್ಲಿಂದ ಹದಿನೈದು ನಿಮಿಷ. ಮೊದಲು ಬಂದವರು ಕೊನೆಯವರಿಗೆ ಟೀ ಹೇಳಿಟ್ಟಿರಬೇಕು, ಕೂರಲು ಜಾಗ ಬಿಟ್ಟಿರಬೇಕು. ಹೊರಡುವ ಐದು ನಿಮಿಷ ಮುಂಚೆ ಒಂದು ಸೀಟಿ. ಆಮೇಲೆ ಎಲ್ಲರೂ ಸೈಕಲ್ ಹಿಡಿದು ನಿಂತ ಮೇಲೆ ನಂಬರ್ ಕೂಗುವುದು. ಕೂರುವಾಗ ಎಣಿಸಿ ಪ್ರಯೋಜನ ಇಲ್ಲ, ಎದ್ದು ಹೊರಡುವ ಕ್ಷಣದಲ್ಲಿ ಎಣಿಸಬೇಕು. ಹೊರಡುವಾಗ ನಿಧಾನದವರು ಮುಂದೆಯೇ, ಕಾವಲಿಗೆ ನಿಲ್ಲುವ ಇಬ್ಬರ ಬೆನ್ನಿಗೇ ಇರಲಿ.

ನಿಲ್ಲುವುದಕ್ಕೆ ಬೆಳಕು, ನೀರು, ಶೌಚಾಲಯ ಮೂರೂ ಇರುವ ಪೆಟ್ರೋಲ್ ಬಂಕ್ ಅಥವಾ ಬಸ್ ಸ್ಟ್ಯಾಂಡ್ ಸುತ್ತಮುತ್ತ ಆರಿಸಿ. ಹೆಣ್ಣುಮಕ್ಕಳಿಗೆ ಇದು ಮುಖ್ಯ, ಎಷ್ಟೋ ಜನ ಶೌಚಾಲಯದ ಚಿಂತೆಗೇ ನೀರು ಕುಡಿಯುವುದು ನಿಲ್ಲಿಸಿ ನಾಲ್ಕು ಗಂಟೆಗೆ ತಲೆನೋವು ಅನ್ನುತ್ತಾರೆ. ಬಂಕಿನ ಹುಡುಗರನ್ನು ಕೇಳಿ, ವಿನಯವಾಗಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ತಿನ್ನಲು ಬಾಳೆಹಣ್ಣು, ಚಿಕ್ಕಿ, ಉಪ್ಪು ಹಾಕಿ ಹುರಿದ ಕಡಲೇಬೀಜ, ನೀರಿಗೆ ಓಆರ್‌ಎಸ್. ಬಿಡದಿಯ ತಟ್ಟೆ ಇಡ್ಲಿ, ಮದ್ದೂರು ವಡೆ ಎಲ್ಲ ಹಗಲಿಗೆ ಇಟ್ಟುಕೊಳ್ಳಿ, ರಾತ್ರಿ ಹೊಟ್ಟೆ ತುಂಬ ತಿಂದರೆ ನಿದ್ದೆ ಎಳೆಯುತ್ತದೆ. ಡಿಸೆಂಬರ್, ಜನವರಿಯಲ್ಲಾದರೆ ಇಳಿದ ಕೂಡಲೇ ಮೊದಲು ಜಾಕೆಟ್, ಆಮೇಲೆ ಟೀ. ಬೆವರು ಆರಿ ಚಳಿ ಹಿಡಿದವರನ್ನು ಮತ್ತೆ ಬೆಚ್ಚಗೆ ಮಾಡುವುದು ಕಷ್ಟ.

ಪಂಕ್ಚರ್

ಪಂಕ್ಚರ್ ಆದವರು ಕೂಗುತ್ತಾರೆ, ಸುದ್ದಿ ಮುಂದಕ್ಕೆ ಹೋಗುತ್ತದೆ. ಹನ್ನೆರಡು ಜನ ಕತ್ತಲ ರಸ್ತೆ ಪಕ್ಕ ಗುಂಪಾಗಿ ನಿಲ್ಲುವುದು ಅಪಾಯ. ಪಂಕ್ಚರ್ ಆದವರು, ಅವರ ಜೋಡಿ, ಹಿಂಗಾವಲಿನ ಇಬ್ಬರು ಇರಲಿ. ಉಳಿದವರು ಮುಂದಿನ ಬೆಳಕಿರುವ ಜಾಗಕ್ಕೆ ಹೋಗಿ ಕಾಯಲಿ. ಯಾವ ಜಾಗ ಅಂತ ಹೆಸರು ಹೇಳಿಯೇ ಹೋಗಬೇಕು, "ಮುಂದೆ ಇರ್ತೀವಿ" ಅನ್ನುವುದು ಜಾಗ ಅಲ್ಲ.

ಹೈವೇ ಪಕ್ಕದ ಪಂಕ್ಚರ್ ಬಹಳಷ್ಟು ಸಲ ಮುಳ್ಳಿನಿಂದ ಆಗುವುದಿಲ್ಲ. ಸಿಡಿದ ಲಾರಿ ಟೈರ್‌ಗಳಿಂದ ಉದುರಿದ ಉಕ್ಕಿನ ತಂತಿ ಅದು, ಕೂದಲಿಗಿಂತ ಸ್ವಲ್ಪ ದಪ್ಪ, ಒಂದು ಅಕ್ಕಿ ಕಾಳಿನಷ್ಟು ಉದ್ದ. ಟೈರಿನ ಹೊರಗೆ ಕಾಣುವುದಿಲ್ಲ, ಒಳಗೆ ತುದಿ ಮಾತ್ರ ಇಣುಕುತ್ತಿರುತ್ತದೆ. ಅದನ್ನು ತೆಗೆಯದೇ ಹೊಸ ಟ್ಯೂಬ್ ಹಾಕಿದರೆ ಎರಡೇ ಕಿಲೋಮೀಟರ್‌ಗೆ ಮತ್ತೆ ಗಾಳಿ ಹೋಗುತ್ತದೆ. ಬೆರಳು ಆಡಿಸಿ ಹುಡುಕಬೇಡಿ, ಚುಚ್ಚುತ್ತದೆ. ಕರ್ಚೀಫನ್ನು ಟೈರ್ ಒಳಗೆ ಸುತ್ತಲೂ ಎಳೆಯಿರಿ, ಎಲ್ಲಿ ದಾರ ಸಿಕ್ಕಿಕೊಂಡಿತೋ ಅಲ್ಲಿದೆ ತಂತಿ. ಚಿಮ್ಮಟದಲ್ಲಿ ಹಿಡಿದು ಕೀಳಿ. ನಾನು ಚಿಮ್ಮಟವನ್ನು ಟ್ಯೂಬಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿರುತ್ತೇನೆ. ಕತ್ತಲಲ್ಲಿ ತೇಪೆ ಹಾಕುತ್ತಾ ಕೂರಬೇಡಿ, ಟ್ಯೂಬ್ ಬದಲಿಸಿ ಹೊರಡಿ.

ಮೂರರಿಂದ ಐದು

ಈ ಹೊತ್ತಿನಲ್ಲಿ ಮೈ ಬಿಸಿ ಇಳಿದಿರುತ್ತದೆ, ನಿದ್ದೆ ಜೋರಾಗಿ ಎಳೆಯುತ್ತದೆ. ಮದ್ದೂರಿಂದ ಮಂಡ್ಯ ದಾರಿ ನಮಗೆ ಇದೇ ಹೊತ್ತಿಗೆ ಬರುತ್ತದೆ. ಮಾತಾಡುತ್ತಿದ್ದವರು ಸುಮ್ಮನಾಗುವುದು, ಸೈಕಲ್ ಬಿಳಿ ಗೆರೆ ಕಡೆ ಹೋಗಿ ಹೋಗಿ ವಾಪಸ್ ಬರುವುದು, ಹಂಪ್ ಮೇಲೆ ನಿಧಾನಿಸದೇ ಹಾರುವುದು, ಕರೆದರೆ ತಡವಾಗಿ "ಹಾಂ?" ಅನ್ನುವುದು, ಇವನ್ನು ಜೋಡಿಯವರು ಗಮನಿಸಬೇಕು. ಕಂಡರೆ ಕೇಳಬೇಡಿ, ಕೇಳಿದರೆ ಎಲ್ಲರೂ "ಏನಿಲ್ಲ, ಆರಾಮ್" ಅನ್ನುತ್ತಾರೆ. ನೇರವಾಗಿ ಸೀಟಿ ಊದಿ ನಿಲ್ಲಿಸಿ.

ಕಾಫಿ ಕುಡಿದು ತಕ್ಷಣ ಇಪ್ಪತ್ತು ನಿಮಿಷ ಮಲಗಿಸಿ. ಕಾಫಿ ಕೆಲಸ ಮಾಡಲು ಅಷ್ಟು ಹೊತ್ತು ಬೇಕು, ಏಳುವಾಗ ಎರಡೂ ಕೂಡಿ ಬರುತ್ತವೆ. ಅರ್ಧ ಗಂಟೆ ಮೀರಿದರೆ ಮಂಕು ಹಿಡಿಯುತ್ತದೆ, ಅಲಾರಂ ಇಡಿ. ಒಬ್ಬರು ಎಚ್ಚರ ಇದ್ದು ಸೈಕಲ್ ಕಾಯಲಿ. ಎದ್ದು ಹೊರಡುವಾಗಿನ ಎಣಿಕೆಯನ್ನು ಎರಡು ಸಲ ಮಾಡಿ, ಯಾಕೆಂದರೆ ಬೆಂಚಿನ ಹಿಂದೆ ಮಲಗಿದವರನ್ನು ಬಿಟ್ಟು ಹೋಗುವ ಸಾಧ್ಯತೆ ಇರುವುದು ಇಲ್ಲೇ.

ಒಬ್ಬರು ಕಾಣದಿದ್ದರೆ, ಬಿದ್ದರೆ, ಸಾಕು ಅಂದರೆ

ಕಳೆದುಹೋದೆ ಅನಿಸಿದವರು ಮಾಡಬೇಕಾದದ್ದು ಒಂದೇ: ನಿಲ್ಲುವುದು. ಬೆಳಕು ಇರುವ ಹತ್ತಿರದ ಜಾಗದಲ್ಲಿ ನಿಂತು ಫೋನ್ ಮಾಡುವುದು. ಜೋರಾಗಿ ತುಳಿದು ಹಿಡಿಯುತ್ತೇನೆ ಅಂತ ಹೊರಟರೆ ಹುಡುಕುವವರಿಗೆ ಜಾಗವೇ ತಪ್ಪಿಹೋಗುತ್ತದೆ. ಗುಂಪಿನ ಕಡೆಯಿಂದ ಇಬ್ಬರು, ಕೊನೆಯ ಸಲ ನಂಬರ್ ಕೂಗಿದ ಜಾಗದವರೆಗೆ ವಾಪಸ್ ಹೋಗಬೇಕು. ಉಳಿದವರು ಇದ್ದಲ್ಲೇ ಇರಬೇಕು. ಎಲ್ಲರೂ ಹುಡುಕಲು ಹೊರಟರೆ ಒಬ್ಬರ ಬದಲು ನಾಲ್ವರು ಕಳೆದುಹೋಗುತ್ತಾರೆ.

ವಾಟ್ಸಾಪ್ ಲೈವ್ ಲೊಕೇಶನ್ 8 ಗಂಟೆವರೆಗೆ ಇಡಬಹುದು, ಆದರೆ ಬ್ಯಾಟರಿ ನುಂಗುತ್ತದೆ. ಅವತ್ತು ಆ ಹುಡುಗನ ಫೋನ್ ಸತ್ತಿದ್ದು ಇದರಿಂದಲೇ. ಮುಂದಾಳು ಮತ್ತು ಹಿಂಗಾವಲು ಮಾತ್ರ ಪವರ್‌ಬ್ಯಾಂಕ್ ಹಾಕಿಕೊಂಡು ಆನ್ ಮಾಡಲಿ, ಉಳಿದವರ ಫೋನ್ ಚೀಲದಲ್ಲಿ ಮಲಗಿರಲಿ.

ಯಾರಾದರೂ ಬಿದ್ದರೆ ಮೊದಲು ಅವರ ಹತ್ತಿರ ಓಡಬೇಡಿ ಅಂದರೆ ಕಷ್ಟವೇ, ಆದರೂ ಇಬ್ಬರು ಹಿಂದಕ್ಕೆ 50 ಮೀಟರ್ ಓಡಿ ಲೈಟ್ ಆಡಿಸಿ ಬರುವ ಗಾಡಿಗಳನ್ನು ನಿಧಾನಿಸಲೇಬೇಕು. ಕತ್ತು ನೋವು ಅಂದರೆ, ಪ್ರಜ್ಞೆ ಇಲ್ಲದಿದ್ದರೆ ಎತ್ತಿ ಕೂರಿಸಬೇಡಿ, ಹೆಲ್ಮೆಟ್ ಎಳೆಯಬೇಡಿ. 108 ಇಲ್ಲವೇ 112, ಹೆದ್ದಾರಿಗೆ 1033. ಮಂಡ್ಯದಲ್ಲಿ ಮಿಮ್ಸ್ ದೊಡ್ಡ ಸರ್ಕಾರಿ ಆಸ್ಪತ್ರೆ. ತಲೆಗೆ ಪೆಟ್ಟಾಗಿದ್ದರೆ, ಎದ್ದು ನಿಂತು "ಏನೂ ಆಗಿಲ್ಲ" ಅಂದರೂ ಅವರ ರೈಡ್ ಅಲ್ಲಿಗೆ ನಿಲ್ಲಬೇಕು.

ಸಾಕು ಅನ್ನುವವರಿಗೆ ದಾರಿ ಮೊದಲೇ ಯೋಚಿಸಿಟ್ಟಿರಿ. ಈ ದಾರಿಯ ಒಳ್ಳೆಯ ಗುಣ ಅಂದರೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ಕಡೆ ರೈಲ್ವೆ ಸ್ಟೇಷನ್ ಇದೆ, ಬಸ್ ಇದೆ. ಕಾರೊಂದು ಜೊತೆಗಿದ್ದರೆ ನಿಶ್ಚಿಂತೆ. ಬಿಡುವವರ ಜೊತೆ ಒಬ್ಬರು ಉಳಿಯಬೇಕು, ಅವರು ಗಾಡಿ ಹತ್ತಿದ ಮೇಲೆಯೇ ಹಾಳೆಯಲ್ಲಿ ಅವರ ನಂಬರಿನ ಎದುರು ಎಲ್ಲಿ, ಎಷ್ಟು ಗಂಟೆಗೆ ಅಂತ ಬರೆಯಬೇಕು. ಹೇಳದೇ ಹೋಗುವುದಕ್ಕೆ ಮಾತ್ರ ನಮ್ಮಲ್ಲಿ ಮಾಫಿ ಇಲ್ಲ. ಅವರಿಗಾಗಿ ರಾತ್ರಿ ಮೂರು ಗಂಟೆಗೆ ಹತ್ತು ಕಿಲೋಮೀಟರ್ ವಾಪಸ್ ತುಳಿಯುವವರು ಇರುತ್ತಾರೆ.

ಮೈಸೂರು

ಶ್ರೀರಂಗಪಟ್ಟಣದಲ್ಲಿ ಬೆಳಕಾಗುತ್ತದೆ. ಕಾವೇರಿ ಸೇತುವೆ ಮೇಲೆ ಮಂಜು ಇರುತ್ತದೆ, ಎಲ್ಲರಿಗೂ ಹೊಸ ಜೀವ ಬಂದು ಗಟ್ಟಿ ಕಾಲಿನವರು ಓಟ ಕೀಳಲು ನೋಡುತ್ತಾರೆ. ಬಿಡಬೇಡಿ. ಉಳಿದಿರುವುದು 16 ಕಿ.ಮೀ, ಬೆಳಗಿನ ಬಸ್ಸು ಲಾರಿಗಳು ಶುರುವಾಗಿರುತ್ತವೆ, ಎಲ್ಲರ ಕಣ್ಣೂ ಉರಿಯುತ್ತಿರುತ್ತದೆ. ಹಿಂಗಾವಲು ಮತ್ತು ಅತಿ ನಿಧಾನದವರನ್ನು ಮುಂದೆ ತನ್ನಿ, ಕೊನೆಯ ಎರಡು ಕಿಲೋಮೀಟರ್ ಅವರೇ ಗುಂಪನ್ನು ನಡೆಸಲಿ.

ಮುಟ್ಟಿದ ಮೇಲೆ ಹೋಟೆಲಿಗೆ ನುಗ್ಗುವ ಮುಂಚೆ ಸೈಕಲ್ ಹಿಡಿದುಕೊಂಡೇ ಕೊನೆಯ ಸಲ ನಂಬರ್ ಕೂಗಿ. ಮನೆಯವರಿಗೆಲ್ಲ ಫೋನ್ ಹೋಗಲಿ. ವಾಪಸ್ ಬಸ್ಸಿಗೋ ರೈಲಿಗೋ ಬನ್ನಿ. ರೈಲಿಗಾದರೆ ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಲಗೇಜ್ ಬೋಗಿಗೆ ಹಾಕಿಸಬೇಕು, ಅದಕ್ಕೆ ಒಂದು ಗಂಟೆ ಮುಂಚೆ ಸ್ಟೇಷನ್ ಮುಟ್ಟಿ. ರಾತ್ರಿಯೆಲ್ಲ ತುಳಿದವರು ಮೂರು ನಾಲ್ಕು ಗಂಟೆ ನಿದ್ದೆ ಮಾಡದೇ ಕಾರು ಓಡಿಸಬಾರದು. ಪ್ರತಿಯೊಬ್ಬರೂ ಮನೆ ಸೇರಿದ ಮೇಲೆ ತಮ್ಮ ನಂಬರ್ ಒಂದನ್ನೇ ಗುಂಪಿಗೆ ಮೆಸೇಜ್ ಹಾಕಬೇಕು. ಹದಿನಾಲ್ಕೂ ಬಂದ ಮೇಲೆ ನಾನು ಆ ಹಾಳೆ ಮಡಚಿ ಇಡುತ್ತೇನೆ.